ಸೂರತ್ತಿಗೆ ಹೋದ ಮೊಣಕೈ, ಅಲ್ಲಿಂದ ಬಂದ ಭುಜ

ನಮ್ಮ ಅತ್ತೆಯವರು ಕಡೆಯವರೆಗೂ ನಾನು ಸಿನಿಮಾದವರ ಬಳಿ ಕೆಲಸಕ್ಕಿದ್ದೇನೆಂದೇ ನಂಬಿದ್ದರು. ಧಾರವಾಡದಿಂದ ಫೋನ್ ಮಾಡಿ "ಏನ್ ಮಾಡ್ಲಿಕತ್ತೀ?" ಎಂದು ಕೇಳಿದರೆ ನಾನು "ಪಿಚರ್‌ಗಳ ಕೈ ನೋಡ್ಲಿಕತ್ತೀನ್ರಿ" ಎನ್ನುತ್ತಿದ್ದೆ. ಅವರ ಕಿವಿಗೆ ಅದು 'ಪಿಚ್ಚರ್' ಎಂದು ಬೀಳುತ್ತಿತ್ತು. ಸೊಸೆ ಗುಜರಾತಿನಲ್ಲಿ ಪಿಚ್ಚರ್‌ನಲ್ಲಿದ್ದಾಳೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು. ತಿದ್ದಲು ಒಂದೆರಡು ಸಲ ಪ್ರಯತ್ನಿಸಿದೆ. ತಿದ್ದಬೇಕಾದರೆ ಬೇಸ್‌ಬಾಲ್ ಎಂದರೇನು ಎಂಬಲ್ಲಿಂದ ಶುರು ಮಾಡಬೇಕಾಗುತ್ತಿತ್ತು. ಅದಕ್ಕಿಂತ ಸಿನಿಮಾನೇ ವಾಸಿ ಎಂದು ಸುಮ್ಮನಾದೆ.

ಈಗ ನಿವೃತ್ತಳಾಗಿದ್ದೇನೆ. ಕ್ರೀಡಾ ಫಿಸಿಯೋಥೆರಪಿ ಓದುತ್ತಿರುವ ಹುಡುಗ ಹುಡುಗಿಯರು ಸಿಕ್ಕಾಗ "ಮೇಡಂ, ತಂಡದ ಜೊತೆ ಕೆಲಸ ಮಾಡೋದು ಹೇಗಿರುತ್ತೆ?" ಎಂದು ಕೇಳುತ್ತಾರೆ. ಅವರ ಮನಸ್ಸಿನಲ್ಲಿ ತಂಡದ ಹೆಸರಿರುವ ಟೀಶರ್ಟು, ವಿಮಾನ ಪ್ರಯಾಣ, ಆಟಗಾರರ ಪಕ್ಕ ನಿಂತ ಫೋಟೊ ಇರುತ್ತವೆ. ಟೀಶರ್ಟು ನನಗೂ ಸಿಕ್ಕಿತ್ತು. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ನಾನು ಗುಜರಾತಿಗೆ ಬಂದದ್ದು ನಮ್ಮ ಮನೆಯವರ ವಿಮಾ ಕಚೇರಿಯ ವರ್ಗಾವಣೆಗಳ ಬೆನ್ನು ಹಿಡಿದು. ಮೊದಲು ಸೂರತ್, ಆಮೇಲೆ ವಡೋದರಾ. ಎರಡೂ ಊರಿನಲ್ಲಿ ವಯಸ್ಸಾದ ಹೆಂಗಸರ ಮಂಡಿನೋವಿಗೆ ವ್ಯಾಯಾಮ ಹೇಳಿಕೊಡುತ್ತಿದ್ದೆ. ನಾನು ಕಲಿತ ಮೊದಲ ಗುಜರಾತಿ ವಾಕ್ಯವೇ "ನೀಚೆ ನಹೀಂ ಬೇಸತಾಂ, ಬಾ." ನೆಲದ ಮೇಲೆ ಕೂರಬೇಡಿ ಅಜ್ಜಿ ಎಂದರ್ಥ. ಅಜ್ಜಿಯರು ತಲೆಯಾಡಿಸಿ, ಮನೆಗೆ ಹೋಗಿ ನೆಲದ ಮೇಲೆಯೇ ಕೂರುತ್ತಿದ್ದರು. ಹೇಳಿದ್ದನ್ನು ಯಾರೂ ಕೇಳದ ಕೆಲಸಕ್ಕೆ ಅಲ್ಲಿಯೇ ನನಗೆ ಒಳ್ಳೆಯ ತರಬೇತಿ ಆಯಿತು.

ವಡೋದರಾದ ಗೋರ್ವಾದಲ್ಲಿ ನೀರಿನ ಪಂಪು ತಯಾರಿಸುವ ಒಂದು ಕಂಪನಿ ಇತ್ತು. ಅದರ ಮಾಲೀಕರ ಮಗನನ್ನು ಎಲ್ಲರೂ ಛೋಟೇ ಸೇಠ್ ಎನ್ನುತ್ತಿದ್ದರು. ಅವರು ಅಮೆರಿಕದಿಂದ ಬರುವಾಗ ಒಂದು ಪದವಿಯನ್ನೂ ಬೇಸ್‌ಬಾಲಿನ ಹುಚ್ಚನ್ನೂ ತಂದಿದ್ದರು. ಪದವಿ ಉಪಯೋಗಕ್ಕೆ ಬಂದದ್ದನ್ನು ಯಾರೂ ಕಾಣಲಿಲ್ಲ, ತಂಡ ಮಾತ್ರ ಎದ್ದು ನಿಂತಿತು. ಅಂಥ ಮಕ್ಕಳನ್ನೇ ಪಡೆದ ಇನ್ನು ಕೆಲವು ಕಂಪನಿಗಳು ಸೂರತ್ತಿನಲ್ಲೂ ಅಹಮದಾಬಾದಿನಲ್ಲೂ ಸಿಕ್ಕವು. ಚಳಿಗಾಲದಲ್ಲಿ ತಮ್ಮತಮ್ಮಲ್ಲೇ ಒಂದು ಪಂದ್ಯಾವಳಿ ಶುರು ಮಾಡಿಕೊಂಡರು. ಆಟಗಾರರಿಗೆ ಕಂಪನಿಯಲ್ಲೇ ವರ್ಷದ ಗುತ್ತಿಗೆ ನೌಕರಿ. ಬೆಳಿಗ್ಗೆ ಮೈದಾನ, ಮಧ್ಯಾಹ್ನ ಗೋದಾಮಿನಲ್ಲಿ ಪಂಪುಗಳ ಲೆಕ್ಕ. ಚೆನ್ನಾಗಿ ಆಡಿದರೆ ಗುತ್ತಿಗೆ ಮುಂದುವರಿಯುತ್ತದೆ, ಅದೃಷ್ಟವಿದ್ದರೆ ನೌಕರಿ ಕಾಯಂ ಆಗುತ್ತದೆ, ಇಲ್ಲದಿದ್ದರೆ ಮನೆಗೆ. ಮಾಲೀಕರ ಮಕ್ಕಳಿಗೆ ಅದು ಆಟ. ಹುಡುಗರಿಗೆ ಅದು ಅನ್ನ.

ಕ್ರಿಕೆಟ್ಟಿಗೆ ಬೌಲರ್ ಇದ್ದಂತೆ ಬೇಸ್‌ಬಾಲಿಗೆ ಪಿಚರ್. ಅವನು ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು, ಓಡಿಬಾರದೆ, ಇಡೀ ಮೈಯನ್ನು ಚಾಟಿಯಂತೆ ಬೀಸಿ ಚೆಂಡೆಸೆಯುತ್ತಾನೆ. ಆ ಬೀಸಿನ ಭಾರವೆಲ್ಲ ಹೋಗಿ ಬೀಳುವುದು ಮೊಣಕೈಯ ಒಳಮಗ್ಗುಲಲ್ಲಿ ಮೂಳೆಗಳನ್ನು ಹಿಡಿದಿಟ್ಟಿರುವ ಒಂದು ಸಣ್ಣ ಕಟ್ಟಿನ ಮೇಲೆ, ಇಲ್ಲವೇ ಭುಜದ ಕೀಲಿನ ಮೇಲೆ. ಜೋರಾಗಿ ಎಸೆಯುವ ಹುಡುಗ ಒಬ್ಬ ಸಿಕ್ಕರೆ ತಂಡದವರು ಅವನ ಕೈಯಲ್ಲೇ ಎಸೆಸುತ್ತಾರೆ. ಅವನ ಕೈ ಕೆಡುವವರೆಗೂ ಎಸೆಸಿ, ಕೆಟ್ಟ ಮೇಲೆ ಫಿಸಿಯೋಥೆರಪಿಸ್ಟರನ್ನು ಕರೆದು ಏಕೆ ಕೆಟ್ಟಿತು ಎಂದು ಕೇಳುತ್ತಾರೆ.

ನನ್ನನ್ನು ಕೆಲಸಕ್ಕೆ ಕರೆದು ಹಾಗೆ ಕೇಳುತ್ತಿದ್ದವರು ತಂಡದ ವ್ಯವಸ್ಥಾಪಕರಾದ ಹಸ್ಮುಖ್‌ಭಾಯಿ. ಮುಖದಲ್ಲಿ ಯಾವಾಗಲೂ ನಗು, ಹಾಗಾಗಿ ಒಳ್ಳೆಯ ಸುದ್ದಿ ಬರುತ್ತಿದೆಯೋ ಕೆಟ್ಟದ್ದೋ ಮೊದಲೇ ಗೊತ್ತಾಗುತ್ತಿರಲಿಲ್ಲ. ತಂಡಕ್ಕೆ ಬರುವ ಮುಂಚೆ ಕಂಪನಿಯ ಖರೀದಿ ವಿಭಾಗದಲ್ಲಿದ್ದವರು. ಬೇಸ್‌ಬಾಲ್ ಅವರಿಗೆ ಗೊತ್ತಿರಲಿಲ್ಲ, ಬೇರಿಂಗು ಗೊತ್ತಿತ್ತು. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹಿಂದಿ ಬೆರೆತ ಗುಜರಾತಿಯಲ್ಲಿ, "ವಸುಧಾಬೆನ್, ನೀವು ರಿಪೇರಿ ಮಾಡಿದ ಕೈಗೆ ಗ್ಯಾರಂಟಿ ಎಷ್ಟು?" ಎಂದು ಕೇಳಿದರು. ತಮಾಷೆ ಎಂದುಕೊಂಡು ನಕ್ಕೆ. ಅವರು ಉತ್ತರಕ್ಕಾಗಿ ಕಾಯುತ್ತಿದ್ದರು.

ನಾನು ಸೇರಿದಾಗ ಅಲ್ಲಿದ್ದ ಚಿಕಿತ್ಸೆಯೆಂದರೆ ಬಾಮು, ಬ್ಯಾಂಡೇಜು ಮತ್ತು ಗೇಟಿನ ಹೊರಗೆ ಬಣ್ಣದ ಐಸ್ ಮಾರುವವನಿಂದ ತಂದ ಮಂಜುಗಡ್ಡೆ. ಎಷ್ಟೋ ಸಲ ಹುಡುಗರ ಭುಜ ಗುಲಾಬಿ ಬಣ್ಣಕ್ಕೆ ತಿರುಗಿ ಶರಬತ್ತಿನ ವಾಸನೆ ಬರುತ್ತಿತ್ತು. ಆಮೇಲಾಮೇಲೆ ಫೋನಿನಲ್ಲಿ ವಿಡಿಯೊ ಹಿಡಿದು ಕೈಯ ಓಟವನ್ನು ನಿಧಾನವಾಗಿ ನೋಡುವುದು ಬಂತು. ಯಾರು ದಿನಕ್ಕೆ ಎಷ್ಟು ಚೆಂಡೆಸೆದರು ಎಂದು ಎಣಿಸುವ ಪದ್ಧತಿಯನ್ನು ನಾನು ತಂದೆ. ಹಸ್ಮುಖ್‌ಭಾಯಿಗೆ ಅದು ಹಿಡಿಸಲಿಲ್ಲ. "ನೀವು ಎಣಿಸೋಕೆ ಶುರು ಮಾಡಿದ ಮೇಲೇ ಹುಡುಗರು ನೋವು ನೋವು ಅಂತಿರೋದು" ಎಂದರು. ಹೊಸ ವಿಧಾನ ತರುವವರು ಇದನ್ನು ಗಮನದಲ್ಲಿಡಿ. ಇರುವ ನೋವನ್ನು ಕಂಡುಹಿಡಿದವರೇ ಅದನ್ನು ತಂದವರೂ ಆಗುತ್ತಾರೆ.

ಕೆಲವು ವರ್ಷಗಳ ನಂತರ ಕಂಪನಿಯ ಮುಖ್ಯ ಕಚೇರಿ ಅಹಮದಾಬಾದಿನ ಬೋಡಕ್‌ದೇವ್‌ಗೆ ಹೋಯಿತು. ಛೋಟೇ ಸೇಠ್ ಇದ್ದಲ್ಲಿ ಬೇಸ್‌ಬಾಲ್ ಇರಬೇಕಲ್ಲ, ತಂಡವೂ ಹೊರಟಿತು. ನಮ್ಮ ಮನೆಯವರಿಗೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಹಮದಾಬಾದಿಗೆ ವರ್ಗವಾಯಿತು. ನಮ್ಮ ಮನೆ ಸಾಮಾನು ಒಂದು ಲಾರಿಯಲ್ಲಿ ಹೋದರೆ ತಂಡದ್ದು ಎರಡು ಟೆಂಪೊಗಳಲ್ಲಿ ಹೋಯಿತು. ಎರಡನೇ ಟೆಂಪೊದಲ್ಲಿ ಬರೀ ಮಣ್ಣು. ಹಿಂದಿನ ವರ್ಷ ನಾವು ಗೆದ್ದದ್ದು ಗೋರ್ವಾದ ದಿಬ್ಬದ ಮಣ್ಣಿನಿಂದ ಎಂದು ಹಸ್ಮುಖ್‌ಭಾಯಿ ಬಲವಾಗಿ ನಂಬಿದ್ದರು. ದಿಬ್ಬವನ್ನು ಅಗೆಸಿ, ತುಂಬಿಸಿ, ಮೇಲೆ ತಾಡಪಾಲು ಹೊದಿಸಿ ಚಾಂದ್‌ಖೇಡಾದ ಆಚೆಗಿನ ಹೊಸ ಮೈದಾನಕ್ಕೆ ಕಳಿಸಿದರು. ಅಲ್ಲಿ ಕೆಲಸ ಮಾಡಿಸುತ್ತಿದ್ದ ಗುತ್ತಿಗೆದಾರನಿಗೆ ಮಾತ್ರ ಯಾರೂ ವಿಷಯ ಹೇಳಿರಲಿಲ್ಲ. ಅವನು ಅದನ್ನು ಗೇಟಿನ ಬಳಿಯ ಚೆಂಡುಹೂವಿನ ಪಾತಿಗೆ ಸುರಿಸಿದ. ಆ ವರ್ಷ ನಮ್ಮ ತಂಡ ಎಲ್ಲ ಪಂದ್ಯಗಳನ್ನೂ ಸೋತಿತು. ಹೂವು ಬಹಳ ಚೆನ್ನಾಗಿ ಬಂತು.

ವಡೋದರಾದಿಂದ ತಂಡದ ಜೊತೆ ಬಂದವರಲ್ಲಿ ನಿಶಾಂತ್ ಎಂಬ ಹುಡುಗನಿದ್ದ. ನಮ್ಮ ಒಬ್ಬನೇ ಒಳ್ಳೆಯ ಪಿಚರ್. ಅಪ್ಪ ಅಮ್ಮ ಕುಂದಾಪುರದ ಕಡೆಯವರು, ಗೋರ್ವಾದ ಹತ್ತಿರ ಉಡುಪಿ ಹೋಟೆಲು ನಡೆಸುತ್ತಿದ್ದರು. ಇಡ್ಲಿ ಹಿಟ್ಟಿನ ಡಬರಿ ಎತ್ತಿ ಎತ್ತಿ ಇವನ ಭುಜ ಗಟ್ಟಿಯಾಗಿದೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಹುಟ್ಟಿ ಬೆಳೆದದ್ದೆಲ್ಲ ವಡೋದರಾದಲ್ಲಿ. ಅಪ್ಪ ಕನ್ನಡದಲ್ಲಿ ಕೇಳಿದರೆ ಗುಜರಾತಿಯಲ್ಲಿ ಉತ್ತರಿಸುವವನು ನನ್ನ ಜೊತೆ ಮಾತ್ರ ಹಟ ಹಿಡಿದು ಕನ್ನಡ ಆಡುತ್ತಿದ್ದ. ಆ ಸೋಲಿನ ಮರುವರ್ಷ ಒಂದು ದಿನ ಅಭ್ಯಾಸ ಮುಗಿಸಿ ಬಂದು, "ಮೇಡಂ, ನನ್ನ ಕೈಗೆ ದುಃಖ ಆಗ್ತಾ ಉಂಟು" ಎಂದ. ಗುಜರಾತಿಯಲ್ಲಿ ನೋವಿಗೆ 'ದುಖೇ ಛೆ' ಎನ್ನುತ್ತಾರೆ, ಅದನ್ನೇ ಕನ್ನಡ ಮಾಡಿದ್ದ.

"ಕೈಗೆ ದುಃಖ ಆಗೂದಿಲ್ಲೋ, ನೋವು ಆಗ್ತದ. ದುಃಖ ಆಗೂದು ನಿನಗ" ಎಂದು ಮೊಣಕೈಯ ಒಳಮಗ್ಗುಲನ್ನು ಒತ್ತಿದೆ.

ಹುಡುಗ ಕುರ್ಚಿಯಿಂದ ಎದ್ದೇಬಿಟ್ಟ. "ಈಗ ನನಗೂ ಆಯ್ತು ಮೇಡಂ" ಎಂದ.

ಸ್ಕ್ಯಾನ್ ಮಾಡಿಸಿದಾಗ ಕಟ್ಟು ಅರ್ಧ ಹರಿದಿರುವುದು ಕಂಡಿತು. ಆಗ ಮಳೆಗಾಲ, ಆಟವಿಲ್ಲದ ಸಮಯ. ಬರುವ ಚಳಿಗಾಲ ಪೂರ್ತಿ ಎಸೆಯದೆ ಇದ್ದರೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ಕೂಡಿಕೊಳ್ಳಬಹುದು ಎಂದೆ.

"ಹಸ್ಮುಖ್‌ಭಾಯಿಗೆ ಹೇಳಬೇಡಿ ಮೇಡಂ."

"ಹೇಳದಿದ್ರ ನೀ ಮತ್ತ ಎಸೀತಿ."

"ಹೇಳಿದ್ರೆ ಅವರು ನನ್ನನ್ನು ಎಸೀತಾರೆ."

ಅವನಿಗೆ ತಾನು ಎಷ್ಟು ಚೆನ್ನಾಗಿ ಕನ್ನಡ ಮಾತಾಡಿದೆನೆಂದು ಗೊತ್ತಿರಲಿಲ್ಲ. ಗುತ್ತಿಗೆ ಮುಗಿಯಲು ಬಂದಿತ್ತು. ಅಪ್ಪನಿಗೆ ಈ ಆಟ ಸುತರಾಂ ಇಷ್ಟವಿರಲಿಲ್ಲ. ಕಾಯಂ ನೌಕರಿ ತೋರಿಸುತ್ತೇನೆಂದು ಮಾತು ಕೊಟ್ಟು ಇವನು ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ತಪ್ಪಿಸಿಕೊಂಡು ಬಂದಿದ್ದ. ಆದರೂ ನಾನು ಹೇಳಲೇಬೇಕಿತ್ತು, ಹೇಳಿದೆ. ಹಸ್ಮುಖ್‌ಭಾಯಿ ಪೂರ್ತಿ ಕೇಳಿಸಿಕೊಂಡು, "ಇದು ಯಾರಿಗೆಲ್ಲ ಗೊತ್ತು?" ಎಂದರು.

"ನನಗೆ, ನಿಮಗೆ, ನಿಶಾಂತನಿಗೆ."

"ಬಹಳ ಒಳ್ಳೆಯದು" ಎಂದು ನಕ್ಕರು. ಅಂದೇ ಸೂರತ್ತಿಗೆ ಫೋನ್ ಮಾಡಿದರು.

ಸೂರತ್ತಿನಲ್ಲಿ ಸೀರೆ ಬಟ್ಟೆಯ ಕಂಪನಿಯೊಂದರ ತಂಡವಿತ್ತು. ಅದರ ವ್ಯವಸ್ಥಾಪಕರು ಮೆಹುಲ್‌ಭಾಯಿ, ಆ ಕಂಪನಿ ಮಾಲೀಕರ ಬಾಮೈದ. ಅವರ ಬಳಿ ಜಿಗರ್ ಎಂಬ ಪಿಚರ್ ಇದ್ದ, ಎಡಗೈ ಹುಡುಗ. ಛೋಟೇ ಸೇಠ್‌ಗೆ ಅವನ ಮೇಲೆ ಮೊದಲಿನಿಂದಲೂ ಕಣ್ಣಿತ್ತು. ಮೆಹುಲ್‌ಭಾಯಿ ಹಿಂದೆಲ್ಲ ಸುತರಾಂ ಕೊಡಲೊಪ್ಪದವರು, ಈ ಸಲ ಹಸ್ಮುಖ್‌ಭಾಯಿ "ನಿಶಾಂತನನ್ನು ಕೊಡುತ್ತೇವೆ, ಜಿಗರ್‌ನನ್ನು ಕೊಡಿ" ಎಂದ ಕೂಡಲೇ ಒಪ್ಪಿಬಿಟ್ಟರು. ನನಗೆ ಅದು ವಿಚಿತ್ರವೆನಿಸಿತು. ಹಸ್ಮುಖ್‌ಭಾಯಿಗೆ ಅದು ತಮ್ಮ ಮಾತಿನ ಚಾತುರ್ಯ ಎನಿಸಿತು.

ನಾನು ನಿಶಾಂತನನ್ನು ಕರೆದು, ಇದು ನಿನಗೆ ಒಪ್ಪಿಗೆಯೇ ಎಂದು ಕೇಳಿದೆ. "ಅಲ್ಲಿ ಹೊಸ ಗುತ್ತಿಗೆ ಆಗ್ತದೆ, ಒಂದು ವರ್ಷ. ಇಲ್ಲಿ ಇದ್ರೆ ಎಂತ ಆಗ್ತದೆ?" ಎಂದ.

ವ್ಯವಹಾರ ಕುದುರಿದ್ದು ಭರೂಚ್ ಹತ್ತಿರದ ಹೆದ್ದಾರಿ ಹೋಟೆಲಿನಲ್ಲಿ. ಹೋಗುವಾಗ ಕಾರಿನಲ್ಲಿ ಹಸ್ಮುಖ್‌ಭಾಯಿ ನನಗೆ ಪಾಠ ಹೇಳಿದರು. "ಅವರ ಹುಡುಗನ ಬಗ್ಗೆ ಒಂದು ಮಾತೂ ಕೇಳಬೇಡಿ ಬೆನ್. ನಾವು ಕೇಳಿದರೆ ಅವರೂ ಕೇಳುತ್ತಾರೆ."

"ಅವರು ಕೇಳಿದರೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವಳು."

"ಗೊತ್ತು. ಅದಕ್ಕೇ ಕೇಳಬೇಡಿ ಅನ್ನುತ್ತಿರುವುದು."

ಸೂರತ್ತಿನ ಕಡೆಯಿಂದಲೂ ಒಬ್ಬ ಫಿಸಿಯೋಥೆರಪಿಸ್ಟ್ ಬಂದಿದ್ದರು. ನಾನು ನಿಶಾಂತನ ಜೊತೆ ಕನ್ನಡದಲ್ಲಿ ಮಾತಾಡಿದ್ದು ಕೇಳಿ ಮುಖ ಅರಳಿಸಿಕೊಂಡು ಬಂದರು. "ನೀವು ಯಾವ ಊರಿನವರು ಮೇಡಂ? ನಾನು ಉಡುಪಿ ಹತ್ತಿರದವ, ಬಂಗೇರ ಅಂತ." ಇಬ್ಬರೂ ಒಂದು ಮೇಜು ಹಿಡಿದು ಕೂತೆವು. ಧಾರವಾಡದ ಪೇಡೆ, ಉಡುಪಿಯ ಸೆಕೆ, ಸೂರತ್ತಿನಲ್ಲಿ ಒಳ್ಳೆಯ ಮೀನು ಸಿಗುವ ಜಾಗ, ಮಕ್ಕಳ ಪರೀಕ್ಷೆ, ಎಲ್ಲವೂ ಬಂದುಹೋಯಿತು. ಇಬ್ಬರು ಫಿಸಿಯೋಥೆರಪಿಸ್ಟರು ಅಷ್ಟು ಹೊತ್ತು ಕೂತು ಮನುಷ್ಯನ ಒಂದೇ ಒಂದು ಅಂಗದ ಹೆಸರನ್ನೂ ಎತ್ತದಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು.

ಹೋಟೆಲಿನ ಹಿಂದಿನ ಬಯಲಿನಲ್ಲಿ ಹುಡುಗರಿಬ್ಬರೂ ಕೆಲವು ಚೆಂಡೆಸೆದು ತೋರಿಸಿದರು. ಎರಡೂ ಕಡೆಯವರು "ವಾಹ್" ಎಂದರು. ಎರಡೂ ಕಡೆಯವರು "ಸಾಕು ಸಾಕು, ಪಾಪ ಪ್ರಯಾಣ ಮಾಡಿ ಬಂದಿದ್ದಾರೆ" ಎಂದು ಬೇಗ ನಿಲ್ಲಿಸಿದರು. ಹಸ್ಮುಖ್‌ಭಾಯಿ ಮತ್ತು ಮೆಹುಲ್‌ಭಾಯಿ ಅಣ್ಣತಮ್ಮಂದಿರಂತೆ ಅಪ್ಪಿಕೊಂಡರು. ಸೂರತ್ತಿನ ಕಾರು ಹತ್ತುವಾಗ ನಿಶಾಂತನಿಗೆ, "ಹೋದ ಕೂಡ್ಲೆ ಬಂಗೇರ ಅವರ ಮುಂದ ಎಲ್ಲಾ ಹೇಳು. ಒಂದ್ ಚೆಂಡೂ ಎಸೀಬ್ಯಾಡ" ಎಂದೆ. ಅವನು ತಲೆಯಾಡಿಸಿದ.

ಮರುದಿನ ಚಾಂದ್‌ಖೇಡಾದ ಮೈದಾನದ ಕೋಣೆಯಲ್ಲಿ ಜಿಗರ್‌ನನ್ನು ಮಂಚದ ಮೇಲೆ ಮಲಗಿಸಿ ಎಡಗೈ ಎತ್ತಿದೆ. ತಲೆಯ ಮಟ್ಟಕ್ಕೆ ಬರುವಷ್ಟರಲ್ಲಿ ಭುಜದೊಳಗೆ ಏನೋ ಕಟಕ್ ಎಂದಿತು. ಹುಡುಗ ಮೇಲಿನ ಫ್ಯಾನನ್ನೇ ನೋಡುತ್ತಿದ್ದ.

"ಇದು ಎಷ್ಟು ದಿನದಿಂದ?" ಎಂದು ಹಿಂದಿಯಲ್ಲಿ ಕೇಳಿದೆ.

"ಯಾವುದು ಬೆನ್?" ಎಂದ. ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು.

ಮಂಚದ ಪಕ್ಕದಲ್ಲೇ ನಿಂತು ಬಂಗೇರರಿಗೆ ಫೋನ್ ಮಾಡಿದೆ. "ಬಂಗೇರ ಅವರಽ, ನಿಮ್ಮ ಹುಡುಗನ ಭುಜ..."

ನನ್ನ ಮಾತು ಮುಗಿಯುವ ಮೊದಲೇ ಆ ಕಡೆಯಿಂದ, "ಮೇಡಂ, ನಿಮ್ಮ ಹುಡುಗನ ಮೊಣಕೈ..." ಎಂದರು.

"ನಿಮಗ ನಿಮ್ಮ ಸಾಹೇಬ್ರು ಏನಂತ ಹೇಳಿದ್ರು?"

"ಕೇಳ್ಬೇಡಿ, ಕೇಳಿದ್ರೆ ಅವರೂ ಕೇಳ್ತಾರೆ ಅಂತ."

ನಾನು ನಗಲು ಶುರು ಮಾಡಿದೆ, ಅವರೂ ನಕ್ಕರು. ಜಿಗರ್ ಕಣ್ಣೀರು ನಿಲ್ಲಿಸಿ, ಈ ಹೆಂಗಸಿಗೆ ಏನಾಯಿತು ಎಂಬಂತೆ ನನ್ನನ್ನೇ ನೋಡುತ್ತಿದ್ದ. ನಗು ನಿಂತ ಮೇಲೆ ಬಂಗೇರ, "ನಗುದಲ್ಲ ಮೇಡಂ, ಈಗ ಎಂತ ಮಾಡುದು? ಇವರು ಈ ಮಕ್ಕಳನ್ನು ಹೀಗೇ ಆಡಿಸಿದ್ರೆ ಇಬ್ರ ಕೈಯೂ ಹೋಗ್ತದೆ" ಎಂದರು.

ನಾವು ಮಾಡಿದ್ದು ಬಹಳ ಸರಳವಾದದ್ದು. ಇಬ್ಬರೂ ತಮ್ಮತಮ್ಮ ಸಾಹೇಬರಿಗೆ, ಹೊಸದಾಗಿ ಬಂದ ಹುಡುಗನ ಕೈಯ ಬಗ್ಗೆ ಮಾತ್ರ, ಸತ್ಯ ಹೇಳಿದೆವು. ಹಸ್ಮುಖ್‌ಭಾಯಿ ಕುರ್ಚಿಯಿಂದ ಎದ್ದು, "ಮೋಸ! ಈಗಲೇ ಮೆಹುಲ್‌ಗೆ ಫೋನ್ ಹಚ್ಚುತ್ತೇನೆ" ಎಂದು ಫೋನ್ ಕೈಗೆತ್ತಿಕೊಂಡರು. ಅದರ ಮೇಲೆ ಬೆರಳಿಟ್ಟು ಹಾಗೇ ನಿಂತರು.

"ಫೋನ್ ಮಾಡಿ" ಎಂದೆ.

"ಮಾಡಿ ಏನಂತ ಹೇಳಲಿ?"

"ಕೈ ಕೆಟ್ಟ ಹುಡುಗನನ್ನು ಕೊಟ್ಟಿರಿ ಅಂತ."

ಅವರ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು. ತಾವು ದೂರಿದರೆ ಅವರು ನಿಶಾಂತನ ಕೈಯನ್ನು ಪರೀಕ್ಷಿಸುತ್ತಾರೆ. ಮೆಹುಲ್‌ಭಾಯಿ ಇನ್ನೂ ಫೋನ್ ಮಾಡಿಲ್ಲವೆಂದರೆ ಅವರಿಗೆ ಇನ್ನೂ ಗೊತ್ತಾಗಿಲ್ಲ. ಹಾಗಾದರೆ ಸುಮ್ಮನಿರುವುದೇ ಲಾಭ. ಇದನ್ನೆಲ್ಲ ಅವರು ಗಟ್ಟಿಯಾಗಿಯೇ ಲೆಕ್ಕ ಹಾಕಿದರು. ಅದೇ ಸಂಜೆ ಸೂರತ್ತಿನಲ್ಲಿ ಮೆಹುಲ್‌ಭಾಯಿಯೂ ಅಕ್ಷರಕ್ಕಕ್ಷರ ಇದೇ ಲೆಕ್ಕ ಹಾಕಿದರೆಂದು ಬಂಗೇರ ತಿಳಿಸಿದರು. ದೀಪಾವಳಿಗೆ ಹಸ್ಮುಖ್‌ಭಾಯಿ ಸೂರತ್ತಿಗೆ ಮಿಠಾಯಿ ಕಳಿಸಿದರು, ಅಲ್ಲಿಂದ ಇನ್ನೂ ದೊಡ್ಡ ಡಬ್ಬಿ ಬಂತು. ಡಬ್ಬಿಯ ಗಾತ್ರ ನೋಡಿ ಹಸ್ಮುಖ್‌ಭಾಯಿಗೆ ಗಾಬರಿಯಾಯಿತು.

ಹೀಗೆ ಆ ಇಬ್ಬರು ಹುಡುಗರಿಗೆ, ಎಸೆಯುವವರಿಗೆ ಯಾವತ್ತೂ ಸಿಗದ ಒಂದು ವಸ್ತು ಸಿಕ್ಕಿತು. ವಿಶ್ರಾಂತಿ. ಹೊಸ ಪಿಚರ್ ಏಕೆ ಆಡುತ್ತಿಲ್ಲ ಎಂದು ಛೋಟೇ ಸೇಠ್ ಕೇಳಿದಾಗ ಹಸ್ಮುಖ್‌ಭಾಯಿ, "ಗುಪ್ತ ಅಸ್ತ್ರ ಸಾಹೇಬ್, ಕೊನೆಗೆ ಬಿಡುತ್ತೇವೆ" ಎಂದರು. ಸೂರತ್ತಿನಲ್ಲೂ ಒಂದು ಗುಪ್ತ ಅಸ್ತ್ರ ಬೆಂಚಿನ ಮೇಲೆ ಕೂತಿತ್ತು. ಬಂಗೇರ ಮತ್ತು ನಾನು ವಾರಕ್ಕೊಮ್ಮೆ ಫೋನಿನಲ್ಲಿ ವ್ಯಾಯಾಮಗಳ ಬಗ್ಗೆ ಮಾತಾಡುತ್ತಿದ್ದೆವು. ಹಸ್ಮುಖ್‌ಭಾಯಿ ಎದುರಿಗೇ ಕೂತು, "ಯಾರು ಬೆನ್?" ಎಂದು ಕೇಳಿದರೆ "ನಮ್ಮ ಕಡೆಯವರು" ಎನ್ನುತ್ತಿದ್ದೆ. ಅವರು ಅದನ್ನು ಅಡುಗೆಯ ಮಾತುಕತೆ ಎಂದುಕೊಂಡು ಒಂದು ದಿನ, "ಸಾಂಬಾರಿಗೆ ಬೆಲ್ಲ ಹಾಕುತ್ತಾರೋ ಇಲ್ಲವೋ ಕೇಳಿ" ಎಂದರು.

ಪಿಚರ್‌ಗಳು ಇಲ್ಲದ ಆ ಎರಡು ತಂಡಗಳೂ ಆ ವರ್ಷ ಕೊನೆಯ ಪಂದ್ಯಕ್ಕೆ ಬಂದವು. ಹೇಗೆ ಬಂದವು ಎಂಬುದನ್ನು ನಾನು ಇಂದಿಗೂ ವಿವರಿಸಲಾರೆ. ಎಸೆಯಲು ಬಾರದವರು ಎಸೆದರು, ಎದುರಾಳಿಗಳು ಮನಸಾರೆ ಹೊಡೆದರು, ನಮ್ಮವರು ಅದಕ್ಕಿಂತ ಹೆಚ್ಚು ಹೊಡೆದರು. ಮುಂಚೆ ಒಂದೋ ಎರಡೋ ರನ್ನಿನಲ್ಲಿ ಮುಗಿಯುತ್ತಿದ್ದ ಆಟವನ್ನು ನೋಡಲಾರದೆ ಎದ್ದುಹೋಗುತ್ತಿದ್ದ ಕಾರ್ಮಿಕರು ಈಗ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬರತೊಡಗಿದರು. ಒಳ್ಳೆಯ ಎಸೆತಗಾರರು ಇಲ್ಲದಿದ್ದರೆ ಬೇಸ್‌ಬಾಲ್ ಎಷ್ಟು ಸೊಗಸಾದ ಆಟ ಎಂದು ಗುಜರಾತಿಗೆ ಆಗ ತಿಳಿಯಿತು.

ಕೊನೆಯ ಪಂದ್ಯ ನಮ್ಮ ಮೈದಾನದಲ್ಲಿ. ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು, ಎರಡೂ ತಂಡಗಳ ರನ್ನು ಸಮ. ಛೋಟೇ ಸೇಠ್ ತಾವೇ ಬೆಂಚಿನ ಬಳಿ ಬಂದು, "ಹಸ್ಮುಖ್‌ಭಾಯಿ, ಈಗ ಅಸ್ತ್ರ ಬಿಡಿ" ಎಂದರು. ಹಸ್ಮುಖ್‌ಭಾಯಿ ನನ್ನ ಮುಖ ನೋಡಿದರು.

"ನಾಲ್ಕೇ ನಾಲ್ಕು ಚೆಂಡು, ಬೆನ್."

"ಒಂದೂ ಇಲ್ಲ."

ಅಷ್ಟರಲ್ಲಿ ಜಿಗರ್ ಎದ್ದು ಕೈಗವಸು ಹಾಕಿಕೊಂಡಿದ್ದ. "ನಾನು ಎಸೆಯುತ್ತೇನೆ ಬೆನ್. ಈಗ ಎಸೆಯದಿದ್ದರೆ ಗುತ್ತಿಗೆ ಮುಂದುವರಿಸುವುದಿಲ್ಲ." ಮೈದಾನದ ಆ ಕಡೆ ನೋಡಿದರೆ ಸೂರತ್ತಿನ ಬೆಂಚಿನಿಂದ ನಿಶಾಂತನೂ ಎದ್ದು ಭುಜ ತಿರುಗಿಸುತ್ತಿದ್ದ. ಪಕ್ಕದಲ್ಲಿ ಬಂಗೇರ ಕೈಮುಗಿದು ಏನೋ ಹೇಳುತ್ತಿದ್ದರು, ಹುಡುಗ ಕೇಳುತ್ತಿರಲಿಲ್ಲ.

ನಾನು ಗೆರೆಯವರೆಗೂ ಹೋಗಿ ಜೋರಾಗಿ ಕೂಗಿದೆ. "ಬಂಗೇರ ಅವರಽ! ನಿಮ್ಮಾಂವನ್ನ ಕೂಡಸ್ರಿ, ನಾ ನಮ್ಮಾಂವನ್ನ ಕೂಡಸ್ತೀನಿ!"

"ಕೂರುದಿಲ್ಲ ಮಾರ್ರೆ ಇವ!" ಎಂದು ಆ ಕಡೆಯಿಂದ ಕೂಗು ಬಂತು. "ನಿಮ್ಮವ ಎದ್ದದ್ದು ಕಂಡು ಇವನೂ ಎದ್ದಿದ್ದಾನೆ!"

ಜಿಗರ್‌ಗೆ ಕನ್ನಡ ಬಾರದು. ಏನಂತೆ ಎಂದು ಕೇಳಿದ. ಒಬ್ಬ ರೋಗಿಯ ಸಂಗತಿಯನ್ನು ಇನ್ನೊಬ್ಬನಿಗೆ ಹೇಳಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಅಷ್ಟು ತಿಂಗಳೂ ಅದನ್ನು ಪಾಲಿಸಿದ್ದೆ. ಆ ಹೊತ್ತಿನಲ್ಲಿ ಮಾತ್ರ ಹೇಳಿಬಿಟ್ಟೆ. "ನಿಶಾಂತನ ಮೊಣಕೈ ಹರಿದಿದೆ. ಭರೂಚ್‌ಗೆ ಬರುವ ಮುಂಚೆಯೇ ಹರಿದಿತ್ತು. ನಿನ್ನನ್ನು ಯಾವ ಒಳ್ಳೆಯ ಕೈಗೂ ಬದಲಾಯಿಸಿಲ್ಲ."

ಜಿಗರ್ ನನ್ನನ್ನು ನೋಡಿದ, ಹಸ್ಮುಖ್‌ಭಾಯಿಯನ್ನು ನೋಡಿದ. ಮೊದಲು ಅವನ ಮುಖದಲ್ಲಿ ಕಂಡದ್ದು ಅವಮಾನ. "ಇಷ್ಟು ದಿನ ನಾನು, ಒಂದು ಒಳ್ಳೆಯ ಹುಡುಗನ ಜಾಗಕ್ಕೆ ಬಂದು ಮೋಸ ಮಾಡಿದೆ ಅಂತ ನಿದ್ದೆ ಇಲ್ಲದೆ ಒದ್ದಾಡಿದ್ದೇನೆ ಬೆನ್" ಎಂದ. ಆಮೇಲೆ ಕೈಗವಸು ಕಳಚದೆಯೇ ಮೈದಾನ ದಾಟಿ ನೇರ ನಿಶಾಂತನ ಬಳಿಗೆ ಹೋದ. ಅಂಪೈರು ಕೂಗಿದರು, ಯಾರೂ ಲಕ್ಷ್ಯ ಕೊಡಲಿಲ್ಲ. ಇಬ್ಬರೂ ಎದುರುಬದುರಾಗಿ ನಿಂತು ಮಾತಾಡಿದರು. ಏನು ಮಾತಾಡಿದರೆಂದು ನಿಶಾಂತ ಆಮೇಲೆ ಹೇಳಿದ. ಜಿಗರ್ ಕೇಳಿದ್ದು ಇಷ್ಟೇ: "ನೀನು ಎಸೆದರೆ ನಾನೂ ಎಸೆಯಬೇಕಾಗುತ್ತದೆ. ಎಸೆಯುತ್ತೀಯಾ?" ಇಬ್ಬರೂ ಕೈಗವಸು ಕಳಚಿ ಅಲ್ಲೇ ಹುಲ್ಲಿನ ಮೇಲೆ ಅಕ್ಕಪಕ್ಕ ಕೂತುಬಿಟ್ಟರು. ಎರಡೂ ತಂಡಗಳ ಗುಪ್ತ ಅಸ್ತ್ರಗಳ ಕಣ್ಣೆದುರಿಗೇ ಗೋದಾಮಿನ ದಪ್ಪನೆಯ ಗುಮಾಸ್ತನೊಬ್ಬ ನಮ್ಮ ಪರವಾಗಿ ಎಸೆದ, ಸೂರತ್ತಿನವರು ಹೊಡೆದರು, ನಾವು ಸೋತೆವು. ಜನ ಕೇಕೆ ಹಾಕಿ ಕುಣಿದರು. ಛೋಟೇ ಸೇಠ್‌ಗೆ ಆ ಜನಜಾತ್ರೆ ನೋಡಿಯೇ ಖುಷಿಯಾಗಿ ಅಸ್ತ್ರದ ಮಾತು ಮರೆತುಹೋಯಿತು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಜಿಗರ್‌ನ ಭುಜವನ್ನು ನನ್ನಿಂದ ಸರಿಮಾಡಲಾಗಲಿಲ್ಲ. ಕೀಲಿನ ಅಂಚು ಒಳಗೆ ಹರಿದಿತ್ತು. ಬ್ಯಾಟು ಬೀಸಬಲ್ಲ, ಮೊದಲಿನಂತೆ ಎಸೆಯಲಾರ. ಗುತ್ತಿಗೆಯ ಸಮಯ ಬಂದಾಗ ಹಸ್ಮುಖ್‌ಭಾಯಿಗೆ ಅದನ್ನೇ ಹೇಳಿ, ಬೈಗುಳಕ್ಕೆ ಸಿದ್ಧಳಾಗಿ ಕೂತೆ. ಅವರು ಬಹಳ ಹೊತ್ತು ಯೋಚಿಸಿ, "ತೆಗೆದುಹಾಕಿದರೆ ಏಕೆ ತೆಗೆದೆವು ಅಂತ ಮೆಹುಲ್ ಕೇಳುತ್ತಾನೆ. ಇರಲಿ ಬಿಡಿ" ಎಂದರು. ಮರುವರ್ಷವೂ ಹಾಗೇ ಅಂದರು. ಹೀಗೆ ಒಂದು ಮುಜುಗರದ ಆಸರೆಯಲ್ಲಿ ಜಿಗರ್‌ನ ನೌಕರಿ ಕಾಯಂ ಆಯಿತು. ಈಗ ಅವನು ಪಂಪು ರವಾನೆ ವಿಭಾಗದಲ್ಲಿ ಮೇಲ್ವಿಚಾರಕ, ಮದುವೆಯಾಗಿದೆ, ಸ್ವಲ್ಪ ಹೊಟ್ಟೆಯೂ ಬಂದಿದೆ.

ನಿಶಾಂತನ ಮೊಣಕೈ ಪೂರ್ತಿ ವಾಸಿಯಾಯಿತು. ಅಷ್ಟು ಚೆನ್ನಾಗಿ ಕೂಡಿಕೊಂಡ ಕಟ್ಟನ್ನು ನಾನು ಬೇರೆ ನೋಡಿಲ್ಲ. ಬಂಗೇರ ಸೂರತ್ತಿನಿಂದ ಫೋನ್ ಮಾಡಿ, "ಮೇಡಂ, ಹುಡುಗ ಫಸ್ಟ್‌ಕ್ಲಾಸ್! ಸಾಹೇಬ್ರಿಗೂ ಹೇಳಿದೆ" ಎಂದು ಸಂಭ್ರಮಪಟ್ಟರು. ಸಾಹೇಬರೂ ಸಂಭ್ರಮಪಟ್ಟು ಅವನನ್ನು ಪ್ರತಿ ಪಂದ್ಯದಲ್ಲೂ ಎಸೆಸಿದರು. ಒಂದು ಋತು ಗೆದ್ದರು. ಮುಂದಿನ ಋತುವಿನ ನಡುವೆ, ಒಂದು ಎಸೆತಕ್ಕೆ ಕಟ್ಟು ಪೂರ್ತಿ ಹರಿಯಿತು. ಆ ಸದ್ದು ತಮಗೆ ಬೆಂಚಿನವರೆಗೂ ಕೇಳಿಸಿತು ಎಂದು ಬಂಗೇರ ಹೇಳಿದರು. ನಾನು ಗುಣಪಡಿಸಲಾರದ ಹುಡುಗ ಸುಖವಾಗಿದ್ದ, ಗುಣವಾದವನು ಆಸ್ಪತ್ರೆಯಲ್ಲಿದ್ದ.

ಶಸ್ತ್ರಚಿಕಿತ್ಸೆ ಆದ ಮೇಲೆ ಅವನನ್ನು ನೋಡಲು ನಾನು ಅಹಮದಾಬಾದಿನಿಂದ, ಬಂಗೇರ ಸೂರತ್ತಿನಿಂದ ವಡೋದರಾಕ್ಕೆ ಹೋದೆವು. ಆಗ ನಾನು ನಿವೃತ್ತಳಾಗಿದ್ದೆ. ನಿಶಾಂತ ಅಪ್ಪನ ಹೋಟೆಲಿನಲ್ಲಿ ಕುಳಿತಿದ್ದ, ಬಲಗೈಗೆ ಭುಜದಿಂದ ಮಣಿಕಟ್ಟಿನವರೆಗೂ ಪಟ್ಟಿ. ಅವನ ಅಪ್ಪ ದೋಸೆ ತಂದಿಟ್ಟು ಹೋದರು. ಬಂಗೇರ ದೋಸೆ ಮುಟ್ಟಲಿಲ್ಲ.

"ತಪ್ಪು ನನ್ನದು ಮಾರಾಯ. ಹುಷಾರಾಯ್ತು ಅಂತ ಅವರಿಗೆ ಅಷ್ಟು ಬೇಗ ಹೇಳ್ಬಾರ್ದಿತ್ತು" ಎಂದರು.

"ಹುಷಾರಾಗಿತ್ತಲ್ಲ ಸಾರ್, ನೀವು ಸುಳ್ಳು ಹೇಳ್ಲಿಕ್ಕೆ ಆಗ್ತದಾ?" ಎಂದ ನಿಶಾಂತ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಬಂಗೇರ ಇನ್ನಷ್ಟು ಕುಗ್ಗಿದರು.

ನಾನು ಪಟ್ಟಿ ಸಡಿಲಿಸಿ ಬೆರಳುಗಳನ್ನು ಮಡಚಿಸಿ ನೋಡಿದೆ. ಹೊಲಿಗೆ ಚೆನ್ನಾಗಿತ್ತು. ಬೆರಳಿನಲ್ಲಿ ಬಲವಿತ್ತು.

"ಮೇಡಂ, ಮೆಹುಲ್‌ಭಾಯಿ ಫೋನ್ ಮಾಡಿದ್ರು" ಎಂದ ನಿಶಾಂತ. "ಕೈ ಯಾವಾಗ ರೆಡಿ ಆಗ್ತದೆ ಅಂತ ಕೇಳಿದ್ರು. ಅಲ್ಲಿವರೆಗೆ ಆಫೀಸಿನಲ್ಲಿ ಕೆಲಸ ಕೊಡ್ತಾರಂತೆ. ಎಷ್ಟು ಟೈಮ್ ಅಂತ ಹೇಳ್ಲಿ?"

ಎಲ್ಲ ಸರಿಯಾಗಿ ನಡೆದರೆ ಒಂದು ವರ್ಷ, ಸ್ವಲ್ಪ ಮೇಲೆ. ಅದು ಬಂಗೇರರಿಗೂ ಗೊತ್ತು. ನಾನು ಅವರ ಕಡೆ ನೋಡಿದೆ. ಅವರು ತಟ್ಟೆಯನ್ನೇ ನೋಡುತ್ತಿದ್ದರು.

"ಎರಡು ವರ್ಷ ಅಂತ ಹೇಳು" ಎಂದೆ.

ಬಂಗೇರ ತಲೆಯೆತ್ತಿದರು. ಸೂರತ್ತಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದರೂ ಕೇಳಿದ್ದಕ್ಕೆ ಒಂದು ದಿನ ಹೆಚ್ಚುಕಡಿಮೆ ಹೇಳಿದವರಲ್ಲ. ಎಡಗೈಯಿಂದ ದೋಸೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಮೂರು ಹೇಳು ಮಾರಾಯ" ಎಂದರು.